ಖಾಕಿ ಗಂಟು

“ಸೀರೆ ಒಗ್ದುಬಿಟ್ಯಾ? ಥೂ, ಮುಂಡೇದೆ! ಒಗ್ದ ಮೇಲೆ ಸಾಕ್ಷಿ ಅಂತ ಇನ್ನೇನ್ ತಂದಿದೀಯ, ನಿನ್ ಪಿಂಡಾನಾ?”

ದಫೇದಾರ ದೊಡ್ಡಬೈರಪ್ಪ ಮೇಜು ಗುದ್ದಿದ. ಚಾಮರಾಜಪೇಟೆಯ ಆ ಠಾಣೆಗೆ ಮುನಿಯಮ್ಮ ಹೊಸಬಳೇನಲ್ಲ. ಪೊಲೀಸರ ಖಾಕಿ ಗಂಟು ಹೊತ್ತೊಯ್ದು ಒಗೆದು ತರುವ ಅಗಸಗಿತ್ತಿ ಅವಳೇ. ಇವತ್ತು ಮಾತ್ರ ಗಂಟಿನ ಬದಲು ಮಗಳನ್ನು ಕರೆತಂದಿದ್ದಳು. ನಿನ್ನೆ ಮಧ್ಯಾಹ್ನ ಬಸವನಗುಡಿಯ ಮಂಡಿ ಸಾಹುಕಾರರ ಮನೆಗೆ ಇಸ್ತ್ರಿ ಬಟ್ಟೆ ಕೊಡಲು ಹೋದ ಪಿಳ್ಳಮ್ಮನನ್ನು ಸಾಹುಕಾರರ ಮಗ ಕೋಣೆಗೆ ಎಳೆದು, ಅಗುಳಿ ಹಾಕಿ, ಬಲಾತ್ಕಾರ ಮಾಡಿದ್ದ.

“ರಕ್ತದ ಕಲೆ ಸ್ವಾಮಿ. ಒಣಗಿದ್ರೆ ಹೋಗಾಕಿಲ್ಲ ಅಂತ... ಕೈ ತಾನೇ ನೆನೆಹಾಕ್ಬಿಡ್ತು,” ಅಂದಳು ಮುನಿಯಮ್ಮ.

“ಕುಲಕಸುಬು ಸಾ, ಏನ್ಮಾಡೋದು!” ಪೇದೆ ಮುರುಗೇಶ ಕಿಸಕ್ಕೆಂದ.

ದಫೇದಾರ ಪಿಳ್ಳಮ್ಮನನ್ನು ಮೇಲಿಂದ ಕೆಳಗೆ ನೋಡಿದ. “ಗಂಡ ಸತ್ತೋಳು ಬೇರೆ. ಕೂಗ್ಕೊಂಡ್ಯೇನೆ?”

“ಬಾಯಿಗೆ ಪಂಚೆ ತುರುಕಿದ್ರು.”

“ಯಾವ ಪಂಚೆ?”

“ನಾನೇ ಒಗ್ದು ಒಯ್ದಿದ್ದು.”

“ಸದ್ಯ, ಮಡಿ ಪಂಚೆ!” ಮುರುಗೇಶ ಅಂದ. ಠಾಣೆಯೆಲ್ಲ ನಕ್ಕಿತು.

“ಹೋಗಮ್ಮ, ದೊಡ್ಡೋರ ತಂಟೆ ನಿಮಗ್ಯಾಕೆ,” ದಫೇದಾರನ ದನಿ ತುಸು ಇಳಿಯಿತು. “ಮೂಲೇಲಿ ಗಂಟೈತೆ, ತಗೊಂಡ್ಹೋಗು. ನಾಳಿದ್ದು ಆಗಸ್ಟ್ ಹದಿನೈದು, ಬಾವುಟದ ಮುಂದೆ ಪರೇಡು. ಗಂಜಿ ಗಟ್ಟಿಯಾಗಿರ್ಲಿ.”

ಅಗಸರು ಬಟ್ಟೆ ಬೇಡವೆನ್ನುವುದಿಲ್ಲ. ಬಾಣಂತಿಯದಿರಲಿ, ಮುಟ್ಟಿನದಿರಲಿ, ಹೆಣ ಹೊದ್ದದ್ದಿರಲಿ, ಬಂದ ಮೈಲಿಗೆಯನ್ನು ತಲೆ ಮೇಲೆ ಹೊರಬೇಕು ಎಂದು ಅತ್ತೆ ಕಲಿಸಿದ್ದಳು. ಮುನಿಯಮ್ಮ ಬಗ್ಗಿ ಗಂಟೆತ್ತಿದಳು. ಬಾಗಿಲವರೆಗೂ ಹೋದಳು. ಅಲ್ಲಿಂದ ತಿರುಗಿ ಬಂದವಳೇ ಗಂಟು ಬಿಚ್ಚಿ, ಬೆವರು ನಾರುವ ಖಾಕಿಯನ್ನೆಲ್ಲ ದಫೇದಾರನ ಮೇಜಿನ ಮೇಲೆ ಸುರಿದಳು.

“ಏಯ್! ನಾಳಿದ್ದು ನಾವೇನ್ ಉಟ್ಕೊಳ್ಳೋದು, ನಿನ್ ಸೀರೇನಾ?”

“ಹೆಣದ್ ಬಟ್ಟೆ ಒಗ್ದಿವ್ನಿ ಸ್ವಾಮಿ. ಇದು ನನ್ ಕೈಲಾಗಾಕಿಲ್ಲ. ಹಿಂಗೇ ತೊಟ್ಕಂಡ್ ಹೋಗಿ ಬಾವುಟಕ್ಕೆ ಕೈಯೆತ್ತಿ.”

ಲಾಠಿ ಬೆನ್ನ ಮೇಲೆ ಬಿತ್ತು. ಮುನಿಯಮ್ಮ ಮಗಳ ಕೈ ಹಿಡಿದು ಹೊರಗೆ ಬಂದಳು.

ಪಿಳ್ಳಮ್ಮ ಮನೆಗೆ ಬರಲೊಲ್ಲಳು. ನೇರ ಕೆಂಪಾಂಬುಧಿ ಕೆರೆಗೆ ಇಳಿದು, ದಡದಲ್ಲಿ ಒಣಹಾಕಿದ್ದ ಆ ಸೀರೆಯನ್ನೇ ಹಗ್ಗದಿಂದ ಎಳೆದು, ನೀರಿಗದ್ದಿ, ಕಲ್ಲಿಗೆ ಬಡಿಯತೊಡಗಿದಳು. ಬಣ್ಣ ಬಿಟ್ಟಿತು. ಅಂಚು ಹರಿಯಿತು.

“ಸಾಕು ಕಣೇ ಕಂದ. ಹೋಗೈತೆ. ಎಲ್ಲಾ ಹೋಗೈತೆ.”

“ಇಲ್ಲ ಕಣವ್ವ,” ಎಂದಳು ಪಿಳ್ಳಮ್ಮ, ಸೀರೆಯನ್ನು ಮತ್ತೆ ಮೇಲೆತ್ತುತ್ತ. “ಹೋಗಿಲ್ಲ.”