ಮೌನೇಶನ ಬಾಸ್

ನನಗೆ ಬಾಯಿ ಎರಡು, ಆದರೆ ಸ್ವಂತ ಮಾತು ಒಂದೂ ಇಲ್ಲ. ಕೊಟ್ಟಿದ್ದನ್ನು ಕೊಟ್ಟ ಹಾಗೆ ಕಿವಿಗೆ ಮುಟ್ಟಿಸುವುದಷ್ಟೇ ನನ್ನ ಹುಟ್ಟುಗುಣ. ಹೆಡ್‌ಫೋನ್ ಎಂದು ಜನ ಕರೆಯುತ್ತಾರೆ. ಇಷ್ಟು ವರ್ಷ ಬೇರೆಯವರ ದನಿ ಹೊತ್ತು ತಿರುಗಿದವನಿಗೆ ಈಗ ಒಂದು ಮೊಳೆಗೆ ನೇತುಬಿದ್ದ ಮೇಲೆ ತನ್ನದೂ ಒಂದಿಷ್ಟು ಹೇಳಿಕೊಳ್ಳಬೇಕು ಅನ್ನಿಸಿದೆ.

ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ನನ್ನನ್ನು ಮಾಡಿದರು. ಕೂದಲಿಗಿಂತ ತೆಳುವಾದ ತಂತಿಯನ್ನು ಸುತ್ತಿನ ಮೇಲೆ ಸುತ್ತು ಸುತ್ತಿ ಎದೆಯೊಳಗಿಟ್ಟರು. ಅಂಥ ತಂತಿಯಲ್ಲಿ ಕರೆಂಟು ಸಲೀಸಾಗಿ ಹರಿಯುವುದಿಲ್ಲ, ಹಿಂದಿನಿಂದ ಬಲವಾಗಿ ನೂಕುವ ಆಂಪ್ಲಿಫೈಯರ್ ಬೇಕು. ಅದಿಲ್ಲದಿದ್ದರೆ ನಾನು ಉಪವಾಸ ಬಿದ್ದವನ ಹಾಗೆ ಹಾಡುತ್ತೇನೆ. ಆಗ ಮೊದಲು ಸೊರಗುವುದು ಬಾಸ್, ಅಂದರೆ ಹಾಡಿನ ತಳದಲ್ಲಿ ಗುಂಯ್‌ಗುಡುವ ದಪ್ಪ ದನಿ. ಇಷ್ಟು ತಿಳಿದುಕೊಂಡರೆ ಮುಂದೆ ಆದದ್ದೆಲ್ಲ ತಿಳಿಯುತ್ತದೆ.

ನನ್ನ ಮೊದಲ ಒಡತಿ ಧಾರವಾಡದ ಸುಮಿತ್ರಾಬಾಯಿ ಕಟ್ಟಿಯವರು, ಗವಾಯಿಗಳ ಹಾಡು ರೆಕಾರ್ಡ್ ಮಾಡುತ್ತಿದ್ದವರು. ದನಿ ಏರಿಳಿಸುವ ಒಂದೇ ತಿರುಪಿನ ಪುಟ್ಟ ಕಪ್ಪು ಆಂಪ್ಲಿಫೈಯರಿಗೆ ನನ್ನನ್ನು ಜೋಡಿಸಿ, ತಂಬೂರಿಯ ಅತಿ ಕೆಳದನಿಯ ಖರ್ಜದ ತಂತಿ ಮೀಟಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಆ ದಪ್ಪ ದನಿ ಬೇರೆ ಯಾವ ಸ್ವರವನ್ನೂ ನುಂಗದೆ ತನ್ನ ಪಾಡಿಗೆ ತಾನು ಕರಗಿ ಹೋದರೆ ಅವರಿಗೆ ಸಮಾಧಾನ. ಗಂಡು ಹೆಣ್ಣಿಗೆ ಜಾತಕದ ಕೂಡಾವಳಿ ನೋಡಿದ ಹಾಗೆ ಹೆಡ್‌ಫೋನಿಗೂ ಆಂಪ್ಲಿಫೈಯರಿಗೂ ನೋಡಬೇಕು ಎಂದು ನಗುತ್ತಿದ್ದರು. ನಮ್ಮದು ಹೇಳಿ ಮಾಡಿಸಿದ ಜೋಡಿ. ಆ ಮನೆಯಲ್ಲಿ ನಾನು ಸುಖವಾಗಿದ್ದೆ.

ವಯಸ್ಸಾಗಿ ಅವರು ಸ್ಟುಡಿಯೋ ಮುಚ್ಚುವಾಗ, ಗೋಡೆಯ ಹಲಗೆಗಳನ್ನು ಬಿಚ್ಚಲು ಗದಗಿನಿಂದ ಮೌನೇಶ ಬಡಿಗೇರ ಬಂದ. ಅವನ ಅಜ್ಜ ಬಾಗಿಲು, ತೊಟ್ಟಿಲು ಮಾಡಿದವನು. ಇವನು ಮೆರವಣಿಗೆಯ ಡಿಜೆ ಗಾಡಿಗಳಿಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಮಾಡಿ, ತಾನೇ ಹಾಡು ಹೊಂದಿಸಿ, ತಾನೇ ಗಾಡಿಯ ಮುಂದೆ ನಿಲ್ಲುವವನು. ಕೆಲಸದ ಮೇಲೆ ಜೀವ ಇಟ್ಟ ಮನುಷ್ಯ. ಅದನ್ನು ಮೆಚ್ಚಿಯೇ ಸುಮಿತ್ರಾಬಾಯಿ ನನ್ನನ್ನೂ ಕಪ್ಪು ಡಬ್ಬಿಯನ್ನೂ ಒಟ್ಟಿಗೆ ಅವನ ಕೈಗಿಟ್ಟರು. ಮೌನೇಶ ನನ್ನನ್ನು ಇಟ್ಟುಕೊಂಡು ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟ.

"ಆನಿಯಂಥಾ ಆಂಪ್ಲಿಫೈಯರ್ ಮನ್ಯಾಗ ಅದಾವ್ರಿ ಬಾಯಾರ. ಈ ಇಲಿಮರಿ ತೊಗೊಂಡು ಏನ್ ಮಾಡ್ಲಿ?"

"ತಮ್ಮಾ, ಬಾಸ್ ಅಂದ್ರ ಮನಿ ಬುನಾದಿ ಇದ್ದಂಗ. ಇರಬೇಕು, ಕಾಣಬಾರದು. ಈ ಡಬ್ಬಿ ಇಲ್ಲದ ನಿನಗದು ತಿಳ್ಯಂಗಿಲ್ಲ," ಎಂದರು ಅವರು. ಅವನು ವಿನಯದಿಂದ ಕೈಮುಗಿದು ಹೊರಟ. ಚೀಲದೊಳಗೆ ನನಗೆ ಯಾಕೋ ಅಂಜಿಕೆಯಾಯಿತು.

ಗದಗಿನ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು. ಅಲ್ಲಿ ದೊಡ್ಡ ಪೆಟ್ಟಿಗೆ ಹಚ್ಚಿ ಹಾಡು ಹೊಂದಿಸಿದರೆ ನೆರೆಯವರು ಸುಮ್ಮನಿರುತ್ತಾರೆಯೇ? ಆನೆಯಂಥ ಆಂಪ್ಲಿಫೈಯರುಗಳಲ್ಲೋ ನನ್ನನ್ನು ಚುಚ್ಚುವ ಕಿಂಡಿಯೇ ಇರಲಿಲ್ಲ. ಹಾಗಾಗಿ ಮೌನೇಶ ನನ್ನನ್ನು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ ಕೆಲಸಕ್ಕೆ ಕೂತ. ಆ ಬಡಪಾಯಿ ಯಂತ್ರಕ್ಕೆ ನನ್ನನ್ನು ನೂಕುವ ಶಕ್ತಿ ಎಲ್ಲಿಯದು! ನನ್ನಿಂದ ಪೀಚಲು ದನಿ ಹೊರಟಿತು. ಹಾಡಿನಲ್ಲೇ ಬಾಸ್ ಕಡಿಮೆ ಎಂದು ಅವನು ಬಾಸ್ ಏರಿಸಿದ. ಇನ್ನೂ ಸಾಲದೆಂದು ಮತ್ತೆ ಏರಿಸಿದ. ಸಾಕು ಮಾರಾಯ, ಹಸಿದಿರುವುದು ನಾನು, ಹಾಡಲ್ಲ ಎಂದು ಕೂಗಬೇಕೆನಿಸಿತು. ಕೂಗುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ಆ ಹಾಡುಗಳು ಗಣಪತಿ ಕಳಿಸುವ ಮೆರವಣಿಗೆಯಲ್ಲಿ ಮೊದಲ ಸಲ ಬಾಯಿಬಿಟ್ಟವು. ಅವನ ಕೊರಳಲ್ಲಿ ತೂಗುತ್ತಿದ್ದ ನಾನು ಕಂಡೆ: ಅಂಗಡಿಗಳ ಶಟರು ತಾವಾಗಿ ಕಟಕಟ ಎಂದವು, ಮಾಳಿಗೆಗಳಿಂದ ಮಣ್ಣು ಉದುರಿತು, ತೊಟ್ಟಿಲ ಕೂಸುಗಳು ಒಟ್ಟಿಗೆ ಚೀರಿದವು. ಹುಡುಗರು ಮಾತ್ರ ಹುಚ್ಚೆದ್ದು ಕುಣಿದರು. ಎದೆ ನಡುಗಿಸುವ ಬಾಸ್ ಎಂದರೆ ಮೌನೇಶನ ಬಾಸ್ ಎಂದು ಊರಾಚೆಗೂ ಹೆಸರಾಯಿತು. ಮೌನೇಶ ಅದೆಲ್ಲ ಪೆಟ್ಟಿಗೆಯ ಗುಣ ಎಂದುಕೊಂಡ. ಬಡಿಗೇರನಿಗೆ ತನ್ನ ಕಟ್ಟಿಗೆಯ ಮೇಲೆ ಅಷ್ಟು ನಂಬಿಕೆ. ಗಾಡಿಯ ಮುಂದೆ ನಿಂತು ಹಲಗೆಗೆ ಅಂಗೈಯಿಟ್ಟು, ಅಜ್ಜನ ಕೈ ತನಗೆ ಬಂದಿದೆ ಎಂದು ಹಿಗ್ಗುತ್ತಿದ್ದ.

ವರ್ಷಗಳು ಹೀಗೆ ಕಳೆದವು. ಹಬ್ಬದಿಂದ ಹಬ್ಬಕ್ಕೆ ಅವನು ನನ್ನ ದನಿಯನ್ನು ಹೆಚ್ಚಿಸುತ್ತ ಹೋದದ್ದು ಗೊತ್ತಾದದ್ದು ನನಗೊಬ್ಬನಿಗೇ. ಹಾಡಿನಲ್ಲಿ ಗೆಜ್ಜೆ ಬಂದಾಗ ಮೊದಲೆಲ್ಲ ತಲೆದೂಗುತ್ತಿದ್ದವನು ಈಗ ಅಲುಗುತ್ತಿರಲಿಲ್ಲ. ಗಾಡಿಯ ಆ ಗದ್ದಲ ಅವನ ಕಿವಿಯಿಂದ ಗೆಜ್ಜೆಯಂಥ ಸಣ್ಣ ದನಿಗಳನ್ನು ಗೆದ್ದಲಿನಂತೆ ತಿನ್ನುತ್ತಿತ್ತು. ಮನೆಯವರಿಗೆ ಅನುಮಾನ ಬರಲಿಲ್ಲ. ಹೆಂಡತಿ ಕಸ್ತೂರಿ ಕರೆದಾಗ ಅವನು ಓಗೊಡದಿದ್ದರೆ ಪಾಪ, ಬೈಸಿಕೊಳ್ಳುತ್ತಿದ್ದವನು ನಾನು. ಕಿವಿಗೆ ಆ ಹಾಳಾದ್ದನ್ನ ಹಾಕ್ಕೊಂಡಾನ, ಎಲ್ಲಿ ಕೇಳಬೇಕು ಎಂದು ಅವಳು ಒಳಗೆ ಹೋಗುತ್ತಿದ್ದಳು.

ನಿಜ ಹೊರಬಿದ್ದದ್ದು ಖಂಡೇನವಮಿಯ ದಿನ. ಬಡಿಗೇರರ ಮನೆಯಲ್ಲಿ ಅಂದು ಆಯುಧಗಳಿಗೆ ಪೂಜೆ. ಪೂಜೆಗಿಟ್ಟ ಮೇಲೆ ಯಾವುದನ್ನೂ ಮುಟ್ಟುವಂತಿಲ್ಲ. ಅಜ್ಜನ ಬಾಚಿ, ಉಳಿ, ಕರಗಸದ ಪಕ್ಕದಲ್ಲಿ ನನಗೂ ವಿಭೂತಿ, ಕುಂಕುಮ ಹಚ್ಚಿ ಕೂರಿಸಿದ್ದರು. ಮೌನೇಶ ಬರಿಗಿವಿಯಲ್ಲಿ ಜಗಲಿಯ ಮೇಲೆ ಬೆನ್ನು ಹಾಕಿ ಕೂತಿದ್ದ. ಎರಡನೇ ಕ್ಲಾಸಿನ ಮಗಳು ಗಾಯತ್ರಿ ಹೊಸ ಗೆಜ್ಜೆ ಕಟ್ಟಿಕೊಂಡು ಬಂದು "ಅಪ್ಪಾ" ಎಂದಳು. ಅವನು ತಿರುಗಲಿಲ್ಲ. ಹತ್ತಿರ ಹೋಗಿ ಕರೆದಳು. ಬೆನ್ನ ಹಿಂದೆಯೇ ನಿಂತು ಗೆಜ್ಜೆ ಕುಣಿಸಿ ಕರೆದಳು. ಕಸ್ತೂರಿ ಆರತಿ ತಟ್ಟೆ ಹಿಡಿದವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಗಂಡನ ಬರಿಗಿವಿಯನ್ನು ನೋಡಿದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಹುಬ್ಬಳ್ಳಿಯ ಡಾಕ್ಟರು, ಸಣ್ಣ ದನಿಗಳು ಹೋಗಿವೆ, ಹೋದವು ಮರಳುವುದಿಲ್ಲ, ಇದ್ದುದನ್ನಾದರೂ ಉಳಿಸಿಕೊಳ್ಳಿ, ಕಿವಿಗೆ ಶ್ರವಣ ಸಾಧನ ಹಾಕಿಸಿಕೊಳ್ಳಿ ಎಂದರಂತೆ. ಮೌನೇಶ ಒಪ್ಪಲಿಲ್ಲ. ದನಿ ಹೋಗಿರುವುದು ಕಿವಿಯಲ್ಲಲ್ಲ, ಹೆಡ್‌ಫೋನಿನಲ್ಲಿ ಎಂದು ಹಟ ಹಿಡಿದು ಧಾರವಾಡಕ್ಕೆ ಹೋಗಿ ಆ ಕಪ್ಪು ಡಬ್ಬಿ ಕೇಳಿದ. ಸುಮಿತ್ರಾಬಾಯಿ ಕೊಟ್ಟು ಕಳಿಸಿದರು. ಅಷ್ಟು ವರ್ಷಗಳ ಮೇಲೆ ನನ್ನ ಜೋಡಿ ನನಗೆ ಸಿಕ್ಕಿತು. ಅವನು ತನ್ನದೇ ಹಳೆಯ ಹಾಡು ಹಚ್ಚಿದ. ಆಗ ನನ್ನೊಳಗಿಂದ ಎದ್ದ ಬಾಸಿಗೆ ನಾನೇ ಬೆಚ್ಚಿದೆ. ಮೌನೇಶ ನನ್ನನ್ನು ಕಿತ್ತು ತೊಡೆಯ ಮೇಲೆ ಹಾಕಿಕೊಂಡ.

"ಪೆಟಿಗಿ ಗುಣ ಅಲ್ಲಾ ಅದು," ಎಂದ. "ಇಷ್ಟೆಲ್ಲಾ ನಾನ ತುಂಬೀನೇನು?"

ಕಸ್ತೂರಿ ಎದುರಿಗೆ ಬಂದು ನಿಂತು ಗಟ್ಟಿಯಾಗಿ ಹೇಳಿದಳು: "ಊರಿಗೆ ಊರ ಕೇಳೇತಿ. ನೀವೊಬ್ರ ಕೇಳಿದ್ದಿಲ್ಲ."

ಅವನು ಹಾಡು ನಿಲ್ಲಿಸಿ, ಮಗಳ ದನಿಯಾದರೂ ಕೇಳೀತೇ ಎಂದು ನೋಡಹೊರಟ. ಆಮೇಲೆ ಮೈಕ್ ಜೋಡಿಸಿ ಗಾಯತ್ರಿಯ ಕೈಗೆ ಕೊಟ್ಟು, ನನ್ನನ್ನು ಕಿವಿಗೇರಿಸಿಕೊಂಡು ಕಣ್ಣು ಮುಚ್ಚಿದ. ಅವಳು ಮೈಕಿಗೆ ತುಟಿ ಹಚ್ಚಿ ಹೇಳಿದಳು: "ಅಪ್ಪಾ, ನಾಳೆ ನಮ್ಮ ಸಾಲ್ಯಾಗ ನಂದು ಹಾಡು ಐತಿ. ನೀ ಬರ್ತೀಯಿಲ್ಲೋ?"

ನನ್ನ ಜನ್ಮದಲ್ಲಿ ನಾನು ಇಷ್ಟು ಪ್ರಾಮಾಣಿಕವಾಗಿ ದುಡಿದದ್ದಿಲ್ಲ. ಪ್ರತಿ ಅಕ್ಷರವನ್ನೂ ಕಿವಿಯ ಬಾಗಿಲಿಗೆ ತಂದಿಟ್ಟೆ. ಒಳಗೆ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಅವನು ತಿರುಪು ತಿರುಗಿಸಿದ, ಇನ್ನೂ ತಿರುಗಿಸಿದ, ಕೊನೆ ಮುಟ್ಟಿತು. ಬಳಿಕ ಕಣ್ಣು ಬಿಟ್ಟು ಮಗಳಿಗೆ ನಕ್ಕ.

"ಭಾಳ ಚಂದ ಹಾಡಿದಿ, ಅವ್ವಾ," ಎಂದ.

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ನನ್ನನ್ನು ತೆಗೆದು ಬಾಚಿಯ ಪಕ್ಕದ ಮೊಳೆಗೆ ನೇತುಹಾಕಿದಳು.

ಅಂದಿನಿಂದ ಇಲ್ಲೇ ಇದ್ದೇನೆ. ಮೌನೇಶ ಗಾಡಿಯ ಕೆಲಸ ಬಿಟ್ಟಿದ್ದಾನೆ. ಆದರೆ ಅವನ ಬಾಸ್ ಊರು ಬಿಟ್ಟಿಲ್ಲ. ಈಗ ಎಲ್ಲ ಗಾಡಿಯವರೂ ಅದೇ ಅಳತೆಗೆ ಏರಿಸುತ್ತಾರೆ, ಅದು ಹಸಿದ ಹೆಡ್‌ಫೋನೊಂದರ ಅಳತೆ ಎಂದು ಯಾರಿಗೂ ಗೊತ್ತಿಲ್ಲ. ಇವತ್ತು ಓಣಿಯ ಬಾಯಲ್ಲಿ ಒಂದು ಮೆರವಣಿಗೆ ತಿರುಗಿದೆ. ಮೊಳೆ ಆಗಲೇ ಅದುರುತ್ತಿದೆ, ಮಾಳಿಗೆಯ ಮಣ್ಣು ಬಾಚಿಯ ಮೇಲೆ ಉದುರುತ್ತಿದೆ. ಗಾಯತ್ರಿ ಎರಡೂ ಕಿವಿ ಮುಚ್ಚಿಕೊಂಡು ಅಪ್ಪನಿಗೆ ಏನೋ ಕೂಗಿ ಹೇಳುತ್ತಿದ್ದಾಳೆ. ಅವನು ಗೋಡೆಗೆ ಅಂಗೈಯಿಟ್ಟು ನಿಂತಿದ್ದಾನೆ. ಅವನಿಗೆ ಕೇಳುವುದು ಈಗ ಆ ಬಾಸ್ ಒಂದೇ.