ಜಮಾಲಸಾಬರ ಮಾತು ತೊದಲಿದ ದಿನ

ಹಳಿಯಾಳದ ಒಂದು ಓಣಿಯಲ್ಲಿ ಜಮಾಲಸಾಬರ ಬೈಕ್ ಗ್ಯಾರೇಜು. ಅಂದು ಬೆಳಿಗ್ಗೆ ರೈತ ಶೇಖಪ್ಪನ ಗಾಡಿ ಬಿಚ್ಚಿ ಕುಳಿತಿದ್ದರು. ಶೇಖಪ್ಪ ಪಕ್ಕದಲ್ಲೇ ಕಾಯುತ್ತಿದ್ದ. ಬಲಗೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಕೈ ಬೇರೆ ಯಾರದೋ ಎನ್ನುವಂತಿತ್ತು.

ಪಾನಾ ಕೊಡು ಎಂದು ತಮ್ಮ ಜುಬೇರನಿಗೆ ಹೇಳಿದರು. ಸರಿಯಾಗಿಯೇ ಹೇಳಿದೆ ಎಂದುಕೊಂಡರು. ಜುಬೇರ ಮುಖವನ್ನೇ ನೋಡುತ್ತ ನಿಂತ.

"ಏನಂದ್ರಿ ಭಾಯ್? ತಿಳೀಲಿಲ್ಲ."

ಇಷ್ಟು ಸರಳ ಮಾತೂ ತಿಳಿಯುವುದಿಲ್ಲವೇ? ಸಿಟ್ಟಿನಿಂದ ಇನ್ನೊಮ್ಮೆ ಹೇಳಿದರು. ಈ ಸಲ ಅದು ಅವರ ಕಿವಿಗೂ ಬಿತ್ತು. ಬರೀ ತೊದಲು! ನೋವಿಲ್ಲ, ಜ್ವರವಿಲ್ಲ. ಹಾಗಾದರೆ ಇದೇನು?

ಗದ್ದಲ ಕೇಳಿ ಗ್ಯಾರೇಜಿನ ಹಿಂದಿನ ಮನೆಯಿಂದ ಹೆಂಡತಿ ಗುಲ್ಶನ ಓಡಿ ಬಂದಳು. "ಯಾ ಅಲ್ಲಾ, ಬಾಯಿ ಯಾಕ ಸೊಟ್ಟ ಆಗೈತಿ?"

"ಪಿತ್ತ ಏರೈತಿ ಭಾಭಿ," ಎಂದ ಜುಬೇರ. "ಸಕ್ಕರಿ ನೀರು ಕುಡಸ್ರಿ. ತುಸು ಮಲಗ್ಲಿ."

"ಬ್ಯಾಡ್ರಿ!" ಗುಲ್ಶನ ತಂದ ಲೋಟವನ್ನು ಶೇಖಪ್ಪ ತಡೆದ. "ನುಂಗಾಕ ಬರದಿದ್ರ ನೀರು ಉಸಿರಿನ ನಾಳಕ್ಕ ಹೋಗತೈತಿ. ಜಮಾಲಸಾಬ್ರ, ಎರಡೂ ಕೈ ಮ್ಯಾಲೆತ್ರಿ."

ಎರಡನ್ನೂ ಎತ್ತಿದೆ ಎಂದುಕೊಂಡರು ಜಮಾಲಸಾಬ. ನೋಡಿದರೆ ಬಲಗೈ ತೊಡೆಯ ಮೇಲೆಯೇ ಇತ್ತು.

"ಇದು ಲಕ್ವಾ, ಪಾರ್ಶ್ವವಾಯು," ಎಂದ ಶೇಖಪ್ಪ. "ದವಾಖಾನಿಗೆ ಹೋಗೂಣು."

"ಲಕ್ವಾ ಮುದುಕ್ರಿಗೆ ಬರೂದು," ಎಂದ ಜುಬೇರ. "ಭಾಯ್‌ಗ ಇನ್ನೂ ಐವತ್ತಾಗಿಲ್ಲ. ಆಗಿದ್ರೂ ಎಣ್ಣಿ ತಿಕ್ಕಾವ್ರ ಕಡೆ ಒಯ್ಯೂಣು."

"ನಮ್ಮಕ್ಕ ಹೊಳೆವ್ವನ್ನ ಲಕ್ವಾ ಹೊಡ್ದಾಗ ಗಂಡನ ಮನ್ಯಾವ್ರು ಹಂಗ ಒಯ್ದ್ರು, ಜುಬೇರ," ಎಂದ ಶೇಖಪ್ಪ. "ಮರುದಿನ ದವಾಖಾನಿಗೆ ಹೋದ್ರ ಹೊತ್ತು ಮೀರೈತಿ ಅಂದ್ರು. ಈಗ ಆಕಿಗೆ ಮಗ್ಗಲಾ ಬದಲಸಾಕೂ ಇನ್ನೊಬ್ರು ಬೇಕು."

ಜಮಾಲಸಾಬರಿಗೆ ಎಲ್ಲವೂ ಕೇಳಿಸುತ್ತಿತ್ತು. ಯಾರ ಮಾತು ಖರೆ? ಕೇಳಬೇಕೆಂದರೆ ಒಂದು ಶಬ್ದವೂ ಸಿಗದು. ಎಡಗೈಯಿಂದ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡರು. ಗುಲ್ಶನ ಅವರ ಕಣ್ಣನ್ನೊಮ್ಮೆ ನೋಡಿದಳು. ಅವಳಿಗೂ ಏನೂ ತಿಳಿಯದು. ಆದರೂ ಹೇಳಿದಳು: "ಶೇಖಪ್ಪಣ್ಣ, 108ಕ್ಕ ಫೋನ್ ಹಚ್ಚರಿ."

ಆಂಬುಲೆನ್ಸಿನವರು ಮೊದಲು ಕೇಳಿದ್ದು, ಇದು ಶುರುವಾದದ್ದು ಯಾವಾಗ ಎಂದು. ನೇರ ಧಾರವಾಡಕ್ಕೆ, ತಲೆಯ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಒಯ್ದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ಅದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟರು.

"ಶುರುವಾಗಿ ನಾಲ್ಕೂವರೆ ತಾಸಿನೊಳಗ ಬಂದ್ರ ಮಾತ್ರ ಈ ಇಂಜೆಕ್ಷನ್," ಎಂದರು ಡಾಕ್ಟರು. "ಬಿಪಿ ಗುಳಿಗಿ ತೊಗೊಳ್ತಿದ್ರೇನು?"

"ತೊಗೊಳ್ತಿದ್ರು. ಆರಾಮ ಅನಿಸ್ತು ಅಂತ ಬಿಟ್ರು," ಎಂದಳು ಗುಲ್ಶನ.

"ಬಿಪಿ ಏರಿದ್ರೂ ಆರಾಮ ಇದ್ದಂಗ ಅನಸ್ತೈತಿ. ಅಲ್ಲೇ ಮೋಸ ಹೋಗ್ತೀವಿ. ಅದರ ಮ್ಯಾಲೆ ಸಕ್ಕರಿ ಕಾಯಿಲೆ, ಬೀಡಿ, ಗುಟಖಾ, ಅತಿ ಉಪ್ಪು. ನಮ್ಮಂಥಾ ಕಡೆ ತಪಾಸಣಿ ಕಡಿಮಿ, ದೊಡ್ಡ ದವಾಖಾನಿ ದೂರ. ಹಿಂಗಾಗಿ ದುಡಿಯೋ ವಯಸ್ಸಿನವ್ರೂ ಹಾಸಿಗಿ ಹಿಡಿಯಾಕತ್ತಾರ."

ಜೊತೆಗೆ ಬಂದಿದ್ದ ಜುಬೇರನ ಬಿಪಿಯನ್ನೂ ನೋಡಿದರು. ಏರಿತ್ತು. "ನನಗೇನೂ ಆಗಿಲ್ಲಲ್ರೀ!" ಎಂದು ಅವನು ಬೆರಗಾಗಿ ಕುಳಿತ. ಅಂದೇ ಗುಟಖಾ ಬಿಡುತ್ತೇನೆಂದ. ಎರಡು ಸಲ ತಪ್ಪಿದ, ಈಗ ಬಿಟ್ಟಿದ್ದಾನೆ.

ಕೆಲವು ದಿನಗಳ ಮೇಲೆ ಆಸ್ಪತ್ರೆಯಿಂದ ಮರಳಿದ ಜಮಾಲಸಾಬ ತಮ್ಮ ಕಾಲ ಮೇಲೆ ನಡೆದೇ ಮನೆಯೊಳಗೆ ಬಂದರು. ಕೈ ಇನ್ನೂ ನಿಧಾನ. ನೀರು ಕೇಳಲು ಹೋಗಿ ಒಮ್ಮೊಮ್ಮೆ ಚಹಾ ಎನ್ನುತ್ತಾರೆ, ತಾವೇ ಗೊಂದಲಗೊಂಡು ನಿಲ್ಲುತ್ತಾರೆ. ಗುಲ್ಶನ ಅವಸರ ಮಾಡುವುದಿಲ್ಲ. ಸರಿಯಾದ ಶಬ್ದ ಬರುವವರೆಗೆ ಕಾಯುತ್ತಾಳೆ. ಊಟವಾದ ಮೇಲೆ ಅಣ್ಣತಮ್ಮ ಇಬ್ಬರಿಗೂ ಗುಳಿಗೆ ಕೊಡುತ್ತಾಳೆ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಕಾರಣ ಹುಡುಕುತ್ತ ಕೂರಬೇಡಿ. ನೋವಿಲ್ಲವೆಂದು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ, ಶುರುವಾದ ಹೊತ್ತು ಹೇಳಿ. ಆರಾಮಾಗಿರುವವರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಿಕೊಳ್ಳಿ. ಡಾಕ್ಟರು ಹೇಳದೆ ಗುಳಿಗೆ ನಿಲ್ಲಿಸಬೇಡಿ.