ದವಡೆಯಲ್ಲಿ ಇನ್ನೊಬ್ಬರು

ದವಡೆಯ ಮೂಳೆ ಸವೆದುಹೋಗಿದೆ ಎಂದು ತಿಳಿದ ದಿನ ಮುದುಕ ದರ್ಜಿ ಚಿಂತೆಗೆ ಬಿದ್ದ. ತೀರಿಹೋದ ಹೆಂಡತಿಯ ಶಾಂತಿಗಾಗಿ ಅವನು ದಿನಾ ಬೆಳಗಾಗೆದ್ದು ಪ್ರಾರ್ಥಿಸುತ್ತಿದ್ದ. ಹಲ್ಲಿಲ್ಲದ ಬಾಯಲ್ಲಿ ಆಕೆಯ ಹೆಸರೇ ತೊದಲುತ್ತಿತ್ತು. ಅದಕ್ಕೆಂದೇ ಸ್ಕ್ರೂ ಹಾಕಿ ಕೂರಿಸುವ ಹಲ್ಲು ಬೇಕಾಗಿತ್ತು. ಮೂಳೆಯೇ ಇಲ್ಲದೆ ಸ್ಕ್ರೂ ಎಲ್ಲಿ ನಿಂತೀತು?

“ಮೊದಲು ಮೂಳೆಪುಡಿ ತುಂಬಬೇಕು ಯಜಮಾನ್ರೇ,” ಎಂದರು ಹಲ್ಲಿನ ಡಾಕ್ಟರಮ್ಮ. “ಸತ್ತವರೊಬ್ಬರು ದಾನ ಕೊಟ್ಟಿದ್ದು.”

“ಯಾರಮ್ಮ ಅವರು?”

“ಹೆಸರು ನಮಗೂ ಹೇಳಲ್ಲ.”

ಜೊತೆಗಿದ್ದ ಸೊಸೆ ನಕ್ಕಳು. “ಇನ್ಮೇಲೆ ನೀವು ಬೈದ್ರೆ ಯಾರು ಬೈದ್ರು ಅಂತ ತಿಳ್ಕೊಳ್ಳೋದು ಮಾವ?”

ಪುಡಿ ತುಂಬಿ ಹೊಲಿಗೆ ಹಾಕಿದ ಕೆಲವೇ ದಿನಗಳಲ್ಲಿ ಕೆನ್ನೆ ಊದಿತು. ಯಾರೋ ಒಳಗಿನಿಂದ ಬಾಗಿಲು ತಟ್ಟಿದಂತೆ ನೋವು ಮಿಡಿಯುತ್ತಿತ್ತು. “ನಾಳೆಗೂ ಊತ ಇಳೀದಿದ್ರೆ ತುಂಬಿದ ಪುಡಿ ತೆಗೆದುಬಿಡೋಣ,” ಎಂದರು ಡಾಕ್ಟರಮ್ಮ. ಸೊಸೆ ಈಗ ನಗಲಿಲ್ಲ.

ಬೆಳಗಾಗುವಷ್ಟರಲ್ಲಿ ಊತ ಕಣ್ಣಿನವರೆಗೆ ಏರಿತ್ತು. ಹೆಂಡತಿಯ ಹೆಸರೆತ್ತಲು ಬಾಯಿ ತೆರೆದ ಮುದುಕ ಅಲ್ಲೇ ತಡೆದ. ತನ್ನವಳಿಗಾಗಿ ಬೇಡಲೆಂದೇ ಪಡೆದ ಮೂಳೆ ಅದು. ಕೊಟ್ಟವರಿಗಾಗಿ ಒಂದು ದಿನವೂ ಬೇಡಿರಲಿಲ್ಲ. ಉರಿಯುವ ಕೆನ್ನೆಗೆ ಅಂಗೈ ಒತ್ತಿ, ತೊದಲುತ್ತಲೇ ಶುರುಮಾಡಿದ:

“ದೇವರೇ, ಹೆಸರು ಗೊತ್ತಿಲ್ಲದ ಈ ಜೀವಕ್ಕೆ ಮೊದಲು ಶಾಂತಿ ಕೊಡಪ್ಪ. ಆಮೇಲೆ ನನ್ನವಳಿಗೆ.”